ಆಪಾಳ ಅರ್ಜಿ, ನಾನು ಹಿಂದಿರುಗಿಸಿದ ಫೋನು

ಭಾವ ತೀರಿಕೊಂಡ ಮೇಲೆ ನನ್ನ ಅಕ್ಕ ಗಜೇಂದ್ರಗಡದ ನಮ್ಮ ಮನೆಗೆ ಬಂದಳು. ಅವಳನ್ನು ನಾನು ಆಪಾ ಎನ್ನುತ್ತೇನೆ. ಜೊತೆಗೆ ಭಾವನ ಕಂಪ್ಯೂಟರೂ ಬಂತು; ಅವರಿಬ್ಬರೂ ಅದರಲ್ಲಿ ಮದುವೆ ಕಾರ್ಡುಗಳಿಗೆ ಅಕ್ಷರ ಜೋಡಿಸುತ್ತಿದ್ದರು. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಗಂಡ ಸತ್ತವಳು ಹೊಸ್ತಿಲು ದಾಟುವಂತಿರಲಿಲ್ಲ. ಎರಡನೇ ತಿಂಗಳಲ್ಲಿ ಶಾಲಾ ಶಿಕ್ಷಕರ ನೇಮಕಾತಿಗೆ ಅರ್ಜಿ ಕರೆದರು. ಅದನ್ನು ಇಂಟರ್ನೆಟ್ಟಿನಲ್ಲೇ ತುಂಬಬೇಕಿತ್ತು. ಶಿಕ್ಷಕರ ತರಬೇತಿ ಮುಗಿಸಿದ್ದ ಆಪಾಳ ವಯಸ್ಸು ಮೀರಿತ್ತು. ವಿಧವೆಯರಿಗೆ ಸಡಿಲಿಕೆಯಿತ್ತು, ಆದರೆ ಮುಂದಿನ ವರ್ಷಕ್ಕೆ ಅದೂ ದಾಟುತ್ತಿತ್ತು.

"ಮನ್ಯಾಗ ಇಂಟರ್ನೆಟ್ ಹಾಕ್ಸು ತಮ್ಮಾ. ನಂದು ನಾನ ತುಂಬ್ತೀನಿ," ಎಂದಳು.

ಟೆಲಿಫೋನ್ ಕಚೇರಿಯಲ್ಲಿ ಕಡಿಮೆ ದರದ ಇಂಟರ್ನೆಟ್ ಇತ್ತು, ಮನೆಯಲ್ಲಿ ಫೋನಿನ ತಂತಿ ಇದ್ದವರಿಗೆ. ಮೊಬೈಲ್ ಬಂದ ವರ್ಷ ತಿಂಗಳ ಬಾಡಿಗೆ ಉಳಿಯಲೆಂದು ನಮ್ಮ ಫೋನನ್ನು ಹಿಂದಿರುಗಿಸಿದವನು ನಾನೇ.

"ಅವತ್ತ ತಂದು ಟೇಬಲ್ ಮ್ಯಾಲ ಇಟ್ಟು ಹ್ವಾದ್ರಿ. ಇವತ್ತ ಹುಡುಕ್ಕೋತ ಬಂದ್ರಿ," ಎಂದು ಲೈನ್‌ಮನ್ ನಕ್ಕ. "ನಿಮ್ಮ ಲೈನ್ ಬಟ್ಟೆ ಅಂಗಡ್ಯಾರಿಗೆ ಕೊಟ್ಟೇವ್ರಿ. ನಿಮ್ಮ ಓಣ್ಯಾಗ ಬ್ಯಾರೆ ಖಾಲಿ ಇಲ್ಲ."

ಕಂಪ್ಯೂಟರಿಗೆ ಚುಚ್ಚುವ ಡಾಟಾ ಕಾರ್ಡಿನ ಬೆಲೆ ನನ್ನ ಒಂದು ತಿಂಗಳ ನೇಯ್ಗೆಯ ಕೂಲಿಗಿಂತ ಹೆಚ್ಚಿತ್ತು. ಪರಿಚಯದ ಅಂಗಡಿಯವನು ಒಂದು ದಿನ ನೋಡಲು ಕೊಟ್ಟ. ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಸಿಗ್ನಲ್ ಸಿಗದೆ ಕಾರ್ಡಿನ ದೀಪ ಕೆಂಪಾಗಿಯೇ ಉಳಿಯಿತು. ಮಧ್ಯಾಹ್ನದ ನಮಾಜು ಮುಗಿಸಿ ಕುಳಿತ ಆಪಾ ಸಂಜೆಯ ಅಜಾನ್ ಆಗುವವರೆಗೂ ಅದನ್ನೇ ನೋಡುತ್ತಿದ್ದಳು.

ಕೊನೆಯ ದಿನ ಅವಳು ಎಲ್ಲವನ್ನೂ ಕಾಗದದಲ್ಲಿ ಬರೆದು ನನ್ನ ಕೈಗೆ ಕೊಟ್ಟಳು. ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ತಾಗುವಷ್ಟು ಜನ. ಅಂಗಡಿಯವನು ನಾನು ಕೊಟ್ಟ ಕಾಗದ ನೋಡದೆ, ಒಂದೊಂದನ್ನೇ ಕೂಗಿ ಕೇಳುತ್ತ ಟೈಪು ಮಾಡುತ್ತಿದ್ದ. ನನ್ನ ಹಿಂದೆ ನಿಂತಿದ್ದ ಇಬ್ಬರು ಭಾವನ ಜನಾಜಾಕ್ಕೆ ಹೆಗಲು ಕೊಟ್ಟವರು.

"ವಿಧವೆ ಏನ್ರಿ? ಹೌದೋ, ಅಲ್ಲೋ?"

ನಾನು ಹಿಂದೆ ನಿಂತ ಆ ಇಬ್ಬರ ಕಡೆ ತಿರುಗಿ ನೋಡಿದೆ.

"ಲಗೂ ಹೇಳ್ರಿ, ಪಾಳೆ ಭಾಳ ಐತಿ."

"ಅಲ್ರಿ," ಎಂದೆ.

ಹೇಳಿದ್ದು ನಾನೇ. ಅವನು ಮುಂದಿನ ಕಾಲಮಿಗೆ ಹೋದ. ತಡೆದು ತಿದ್ದಿಸಲು ಸಮಯವಿತ್ತು, ತಿದ್ದಿಸಲಿಲ್ಲ. ಪ್ರಿಂಟರ್ ಕೆಟ್ಟಿದ್ದರಿಂದ ಅರ್ಜಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟ.

"ನಾ ಬರದು ಕೊಟ್ಟಂಗ ತುಂಬಿಸ್ದಿ?" ಎಂದು ಆಪಾ ಕೇಳಿದಳು. ಹೌದೆಂದೆ.

ಇದ್ದತ್ತು ಮುಗಿದ ವಾರವೇ ರೋಣದ ಶಿಕ್ಷಣ ಕಚೇರಿಯ ಗೋಡೆಗೆ ಪಟ್ಟಿ ಅಂಟಿಸಿದರು. ಅವಳು ಹೊರಗೆ ಕಾಲಿಟ್ಟ ಮೊದಲ ಪ್ರಯಾಣ ಅದು. ತಿರಸ್ಕೃತ ಅರ್ಜಿಗಳ ಹಾಳೆಯಲ್ಲಿ ಅವಳ ಹೆಸರಿತ್ತು. ಕಾರಣ: ವಯೋಮಿತಿ. ಬೆರಳಿಟ್ಟು ಎರಡು ಸಲ ಓದಿದಳು. ಒಳಗೆ ಹೋಗಿ ಕೇಳಿದೆವು. ತಿದ್ದುವ ಗಡುವು ಮುಗಿದಿದೆ ಎಂದರು.

ವಾಪಸು ಬಸ್ಸಿನಲ್ಲಿ ನಾನು ನಡೆದದ್ದನ್ನು ಹೇಳಿದೆ. ಊರು ಹತ್ತಿರ ಬಂದಾಗ ಆಪಾ ಕಿಟಕಿಯಿಂದ ಮುಖ ತಿರುಗಿಸಿ ಹೇಳಿದಳು.

"ವಿಧವೆ ಅನ್ನೋ ಮಾತು ನಾ ರೂಢಿ ಮಾಡ್ಕೊಂಡಿದ್ದೆ ತಮ್ಮಾ. ನಿನ್ನ ಬಾಯಾಗ ಬರಲಿಲ್ಲ."

ಮನೆಗೆ ಬಂದು ಕಂಪ್ಯೂಟರಿಗೆ ಬಟ್ಟೆ ಮುಚ್ಚಿದಳು. ಮರುದಿನದಿಂದ ನನ್ನ ಪಕ್ಕದ ಮಗ್ಗಕ್ಕೆ ಕುಳಿತಳು. ಇಂದಿಗೂ ಅಲ್ಲೇ ಕೂರುತ್ತಾಳೆ.