ತೋಳಿಗೆ ತೂಕ ಬಂದದ್ದು

ಆ ವರ್ಷ ನನ್ನ ಬಲ ತೋಳು ಕಿವಿಯ ಮಟ್ಟಕ್ಕೂ ಏಳದಂತಾಯಿತು. ನಾನಾಗ ಶಹಾಪುರದ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ನಿವೃತ್ತಿಗೆ ಆರು ವರ್ಷ ಬಾಕಿ. ಕಾಲುವೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾಗುತ್ತಿದ್ದ ಕಾಲ. ಬೆಳಿಗ್ಗೆ ಐದಕ್ಕೆ ಏಳುವುದು, ಏಳರೊಳಗೆ ಸೀರೆ ಉಟ್ಟು ತುರುಬು ಕಟ್ಟಿ ಮುಗಿಸುವುದು, ಎಂಟಕ್ಕೆ ಐದು ನಿಮಿಷ ಇರುವಾಗಲೇ ವಾರ್ಡಿನಲ್ಲಿರುವುದು, ಇದು ತರಬೇತಿಯ ಹಾಸ್ಟೆಲಿನಿಂದ ಬಂದ ಪದ್ಧತಿ. ಮೂವತ್ತು ವರ್ಷ ತಪ್ಪಿರಲಿಲ್ಲ. ಈಗ ತುರುಬು ಕಟ್ಟಿಕೊಳ್ಳಲು ಆಗಲಿಲ್ಲ.

ಸುರಪುರದಿಂದ ನನ್ನ ತಂಗಿ ಬಂದು ನಿಂತಳು. ದಿನಾ ನನ್ನ ತಲೆ ಬಾಚುತ್ತಿದ್ದಳು. ಬಾಚುತ್ತಲೇ ಶುರು ಮಾಡುತ್ತಿದ್ದಳು.

"ಸಾಕು ಮಾಡಕ್ಕ. ನೌಕರಿ ಬಿಟ್ಟು ನಮ್ಮನಿಗೆ ಬಂದುಬಿಡು. ಒಬ್ಬಾಕಿ ಎಷ್ಟು ದಿನ ಅಂತ ಇರ್ತಿ?"

"ಪಿನ್ನು ಬಿಗಿ ಹಾಕು," ಅನ್ನುತ್ತಿದ್ದೆ.

ಡಾಕ್ಟರು, ಭುಜ ಬಿಗಿದಿದೆ, ಬಿಡಲು ವರ್ಷವಾದರೂ ಬೇಕು, ವ್ಯಾಯಾಮ ಮಾಡಿ ಎಂದರು. ಗಡಿಯಾರ ನೋಡಿ ಮೂರು ಹೊತ್ತು ಮಾಡಿದೆ. ತೋಳು ಒಂದು ಬೆರಳಷ್ಟೂ ಮೇಲೇರಲಿಲ್ಲ. ಆಗ ವಾರ್ಡಿನ ಆಯಾ ಒಬ್ಬ ಅಜ್ಜಿಯ ವಿಷಯ ಹೇಳಿದಳು. ಶಿರವಾಳದ ದಾರಿಯಲ್ಲಿ, ಕಾಲುವೆಯ ದಂಡೆಗೆ ಮನೆ. ಕುರಿ ಸಾಕುವವರು. ಬೀಳು ನೆಲವೆಲ್ಲ ಗದ್ದೆಯಾದ ಮೇಲೆ ಗಂಡಸರು ಕುರಿ ಹೊಡೆದುಕೊಂಡು ದೂರ ಹೋಗುತ್ತಿದ್ದರು. ಅಜ್ಜಿ ಮನೆಯಲ್ಲುಳಿದು ಬಾಣಂತಿಯರಿಗೆ ಎಣ್ಣೆ ತಿಕ್ಕುತ್ತಿದ್ದಳು, ಉಳುಕಿದ ಕೈಕಾಲು ನೋಡುತ್ತಿದ್ದಳು. ಇಂಥವರ ಬಳಿ ಹೋಗಬೇಡಿ ಎಂದು ಎಷ್ಟೋ ರೋಗಿಗಳನ್ನು ಬೈದವಳು ನಾನು. ಭಾನುವಾರ ಮಧ್ಯಾಹ್ನ ತಂಗಿಯನ್ನು ಕರೆದುಕೊಂಡು ಹೋದೆ.

ಅಜ್ಜಿ ಕಂಬಳಿಯ ಮೇಲೆ ಮಲಗಿಸಿದಳು. ಬಿಸಿ ಕುಸುಬೆ ಎಣ್ಣೆ ಹಚ್ಚಿ, ತೋಳನ್ನು ಮೆಲ್ಲಗೆ ಎತ್ತಿ, ತಟ್ಟನೆ ತನ್ನ ಕೈ ತೆಗೆದಳು. ತೋಳು ಅಲ್ಲೇ ಗಾಳಿಯಲ್ಲಿ ನಿಂತಿತು.

"ಇದನ್ನ ಯಾರು ಹಿಡದಾರ್ರಿ, ನರ್ಸಬಾಯಿ?"

"ಎತ್ತಿದಾಕಿ ನೀನ ಅಲ್ಲೇನ ಆಯಿ?"

"ನಾ ಬಿಟ್ಟು ಬಾಳ ಹೊತ್ತಾತು. ನೀವ ಹಿಡಕೊಂಡೀರಿ. ನನಗ ಸಹಾಯ ಮಾಡಬ್ಯಾಡ್ರಿ."

ಸಹಾಯ ಮಾಡುತ್ತಿದ್ದೇನೆಂಬುದೇ ನನಗೆ ಗೊತ್ತಿರಲಿಲ್ಲ. ಮತ್ತೆ ಎತ್ತಿದಳು, ಮತ್ತೆ ನಿಂತಿತು. ಸಡಿಲ ಬಿಡಲೇಬೇಕೆಂದು ಹಲ್ಲು ಕಚ್ಚಿದೆ.

"ಹಲ್ಲ ಕಚ್ಚಿ ಯಾರರ ನಿದ್ದಿ ಮಾಡ್ತಾರೇನ್ರಿ? ನಿಮಗಿಂತ ನಮ್ಮ ಕುರಿ ಛಲೋ. ಒಮ್ಮೆ ಒದೀತದ, ಆಮ್ಯಾಲ ಸುಮ್ಮಾಗ್ತದ."

ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಮೂರನೆಯ ಭಾನುವಾರ ಭುಜ ಬಿಟ್ಟಿತು. ಅಜ್ಜಿಯ ಹೆಬ್ಬೆರಳು ಬೆನ್ನ ಮೇಲಿನ ಚಪ್ಪಟೆ ಮೂಳೆಯ ಅಂಚಿನಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ಮೊದಲು ಹೊಟ್ಟೆ ಗುರುಗುಟ್ಟಿತು, ತಂಗಿಗೂ ಕೇಳುವಷ್ಟು. ಆಮೇಲೆ ಬೆರಳ ತುದಿಗಳು ತಾವಾಗಿಯೇ ಅದುರಿದವು. ನಾನು ಎಳೆಯದೆಯೇ ಒಂದು ಉದ್ದನೆಯ ಉಸಿರು ಒಳಗೆ ಬಂತು. ಅಂಗೈ ಬಿಸಿಯಾಯಿತು. ಅಜ್ಜಿ ತೋಳನ್ನು ಎತ್ತಿದಾಗ ಅದರ ಭಾರವೆಲ್ಲ ಅವಳ ಕೈಮೇಲೆ ಬಿತ್ತು. "ಈಗ ತೂಕ ಬಂತ ನೋಡ್ರಿ," ಎಂದಳು. ಅದೇ ಹೊತ್ತಿಗೆ ನನ್ನ ಕಣ್ಣಿಂದ ನೀರು ಹರಿದು ಕಿವಿಗೆ ಇಳಿಯಿತು. ಒರೆಸಲು ಎಡಗೈ ಎತ್ತಹೋದೆ.

"ಹರೀಲಿ ಬಿಡ್ರಿ. ಕೈ ಎತ್ತಿದ್ರ ಮತ್ತ ಬಿಗೀತದ."

ಬಿಟ್ಟೆ.

ತಂಗಿಗೆ ಅಷ್ಟು ಸಾಕಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವಳದೇ ಕಣ್ಣು ಒದ್ದೆಯಾಗಿತ್ತು.

"ಎಷ್ಟ ದುಃಖ ಒಳಗ ಇಟ್ಕೊಂಡಿದ್ದಿ ಅಕ್ಕ. ನನ್ನ ಮುಂದರ ಹೇಳಬಾರದಾ?"

"ಹೊಟ್ಟಿ ಗುರ್ ಅಂತಲ್ಲ, ಅದಕ್ಕ ಏನು ದುಃಖ ಇತ್ತು?"

"ನಗಚಾಟಿ ಬ್ಯಾಡ. ಒಬ್ಬಾಕೀನ ಇದ್ರ ಹಿಂಗ ಆಗ್ತದ. ನಾಳೆನ ನೌಕರಿ ಬಿಡೂ ಅರ್ಜಿ ಬರಿ."

ಆ ನೀರು ದುಃಖದ್ದೆಂದು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಹೆರಿಗೆ ಮುಗಿದ ಕೂಡಲೇ ಗಡಗಡ ನಡುಗುವ ಹೆಂಗಸರನ್ನು ನಾನು ಕಂಡಿದ್ದೇನೆ. ಅವರಿಗೆ ಚಳಿಯೂ ಇರಲಿಲ್ಲ, ಭಯವೂ ಇರಲಿಲ್ಲ. ಬಿಗಿದದ್ದು ಸಡಿಲವಾಗುವಾಗ ದೇಹ ನಡುಗುತ್ತದೆ, ಗುರುಗುಟ್ಟುತ್ತದೆ, ನೀರು ಬಿಡುತ್ತದೆ. ಅದಕ್ಕೆ ಯಾರ ಅನುಮತಿಯೂ ಬೇಡ. ಆದರೆ ಒಂಟಿ ಹೆಂಗಸಿನ ಕಣ್ಣಲ್ಲಿ ನೀರು ಕಂಡರೆ ಸಾಕು, ಅವಳ ಬಾಳಿನಲ್ಲಿ ಏನು ಕಡಿಮೆಯಿದೆ ಎಂದು ಜನ ಹುಡುಕಲು ನಿಲ್ಲುತ್ತಾರೆ. ನನಗೆ ಕಡಿಮೆಯಿದ್ದದ್ದು ಮೇಲೇಳುವ ಒಂದು ತೋಳು.

ಅರ್ಜಿ ಬರೆಯಲಿಲ್ಲ. ಪ್ರತಿ ಭಾನುವಾರ ಎರಡೂವರೆಗೆ ಅಜ್ಜಿಯ ಮನೆಗೆ ಹೋಗುವುದನ್ನೂ ಬಿಡಲಿಲ್ಲ. ಕಣ್ಣಲ್ಲಿ ನೀರು ಬಂದಾಗ ತಂಗಿಯ ಎದುರಿಗೇ ಬರಲು ಬಿಟ್ಟೆ. ಅವಳು ಒರೆಸಲು ಬಂದರೆ ಬೇಡವೆಂದೆ.

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸುವ ಹೊತ್ತಿಗೆ ತೋಳು ಕಿವಿ ದಾಟಿತ್ತು. ಒಂದು ಸೋಮವಾರ ತಂಗಿ ಸ್ನಾನಕ್ಕೆ ಹೋದಾಗ ಬಾಚಣಿಗೆ ಹಿಡಿದೆ. ಭುಜ ಉರಿಯಿತು. ಮೂರು ಸಲ ಕೂದಲು ಜಾರಿತು. ನಾಲ್ಕನೆಯ ಸಲ ಪಿನ್ನು ಕೂತಿತು.

ತಂಗಿ ಬಂದು ಹಿಂದಿನಿಂದ ನೋಡಿದಳು. "ತುರುಬು ಒಂದ ಕಡಿ ಓರಿ ಆಗ್ಯಾದ. ಬಾ, ಸರಿ ಮಾಡ್ತೀನಿ."

ನಾನು ಒಂದು ಹೆಜ್ಜೆ ಮುಂದೆ ಸರಿದೆ. "ಇರ್ಲಿ. ಸುರಪುರದ ಬಸ್ಸು ಒಂಬತ್ತಕ್ಕ ಅದ. ನಿನಗ ರೊಟ್ಟಿ ಕಟ್ಟಿಟ್ಟೀನಿ."

"ಮತ್ತ ಅರ್ಜಿ?"

"ಯಾರ ಅರ್ಜಿ?"

ಅವಳು ಚೀಲ ತುಂಬಲು ಒಳಗೆ ಹೋದಳು. ಅಂದು ವಾರ್ಡಿನಲ್ಲಿ ಸಲೈನ್ ಬಾಟಲಿಗಳನ್ನೆಲ್ಲ ಸ್ಟ್ಯಾಂಡಿಗೆ ನಾನೇ ತೂಗುಹಾಕಿದೆ, ಬಲಗೈಯಿಂದ.