ರಿವಾಲ್ವರಿನ ಮೇಲೊಂದು ಕುಂಕುಮದ ಬೊಟ್ಟು

ದೇಚಮ್ಮ ಆಂಟಿಯ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಮಿಕ್ಕ ಒಂಬತ್ತನ್ನೂ ಬುಡಕ್ಕೆ ಕತ್ತರಿಸಿಬಿಡುತ್ತಿದ್ದರು. ಪರದೇಶಕ್ಕೆ ಬಂದು, ಎವರೆಟ್ ಎಂಬ ಊರಿನ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತರಾದವರು ಅವರು. ಕಣ್ಣಿಗೆ ಕಾಣದ ಗೀರು ಉಗುರಿಗೆ ಸಿಕ್ಕುತ್ತದೆ ಎಂಬುದು ಅವರ ನಂಬಿಕೆ. ಕಾರ್ಖಾನೆ ಬಿಟ್ಟ ಮೇಲೂ ಆ ಉಗುರಿಗೆ ಬಿಡುವಿರಲಿಲ್ಲ. ಹೊಸ ಕಾರಿನ ಬಾಗಿಲು, ನಮ್ಮ ಮನೆಯ ಊಟದ ಮೇಜು, ಅಂಗಡಿಯಲ್ಲಿಟ್ಟ ಬಾಣಲೆ, ಎಲ್ಲದರ ಮೇಲೂ ಒಮ್ಮೆ ಓಡಿಸಿ, "ಹ್ಞೂಂ, ಆಗ್ಬಹುದು" ಎನ್ನುವರು. "ಚೆನ್ನಾಗಿದೆ" ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಎರಡೇ ಸಲ.

ನಾನು ಕರ್ಕ್‌ಲ್ಯಾಂಡ್‌ನ ಒಂದು ದಂತ ಕ್ಲಿನಿಕ್‌ನಲ್ಲಿ ಹಲ್ಲು ಕ್ಲೀನ್ ಮಾಡುವವಳು. ಅವರು ಹತ್ತಿರದ ಡುವಾಲ್ ಊರಿನಿಂದ ಬಂದ ಪೇಷೆಂಟು. ಮೊದಲ ದಿನವೇ, ನಾನು ಕೆಲಸ ಮುಗಿಸಿ ಗ್ಲೌಸ್ ತೆಗೆಯುತ್ತಿದ್ದಾಗ, ಆ ಉಗುರನ್ನು ಹಲ್ಲಿನ ಸಾಲಿನುದ್ದಕ್ಕೂ ಎಳೆದರು. ನನ್ನ ಎದೆಯ ಮೇಲಿದ್ದ ಹೆಸರಿನ ಪಟ್ಟಿ ಓದಿಕೊಂಡು ನೇರವಾಗಿ ಕನ್ನಡದಲ್ಲೇ, "ಕೆಳಗೆ ಎಡಕ್ಕೆ, ಕೊನೆಯಿಂದ ಎರಡನೇದು. ಅಲ್ಲಿ ಇನ್ನೂ ಸ್ವಲ್ಪ ಉಂಟು" ಎಂದರು. ಕನ್ನಡಿ ಹಿಡಿದು ನೋಡಿದರೆ ನಿಜವಾಗಿಯೂ ಇತ್ತು. ನನಗೆ ಸಿಟ್ಟೂ ಬಂತು, ನಗುವೂ ಬಂತು. ನಾನು ಮೈಸೂರಿನವಳು, ಅವರು ಕೊಡಗಿನವರು. ಆ ಒಂದು ಹಲ್ಲಿನಿಂದ ಶುರುವಾದ ಸ್ನೇಹ ಶನಿವಾರದ ಕಾಫಿಯವರೆಗೆ ಬಂದು ನಿಂತಿತು.

ಅವರ ತಂದೆ ಸೈನ್ಯದಲ್ಲಿದ್ದವರು. ಮನೆಯಲ್ಲಿ ಕೋವಿಗಳ ಜೊತೆಗೆ ನಡುವಿನಲ್ಲಿ ಮಡಚಿಕೊಳ್ಳುವ ಹಳೇ ಬ್ರಿಟಿಷ್ ರಿವಾಲ್ವರ್ ಒಂದಿತ್ತಂತೆ. ಕೊಡವರು ಕೋವಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬ ಬಂತೆಂದರೆ ಅದನ್ನು ಬಿಚ್ಚಿ ಒರೆಸುವ ಕೆಲಸ ಇವರದು. ಗುಂಡು ಹೊಡೆಯುವ ಸಂಭ್ರಮ ಅಣ್ಣಂದಿರದು. "ನಂಗೇನೂ ಹೊಡೀಬೇಕು ಅಂತ ಇರ್ಲಿಲ್ಲ ಮಾರಾಯ್ತಿ," ಎಂದಿದ್ದರು ಒಮ್ಮೆ. "ಒರೆಸ್ಲಿಕ್ಕೆ ಕೊಟ್ರೆ ಸಾಕಿತ್ತು. ಅಪ್ಪ ಹೋದ ಮೇಲೆ ದೊಡ್ಡಣ್ಣ ಅದನ್ನ ಯಾರಿಗೋ ಕೊಟ್ಟುಬಿಟ್ಟ. ನನ್ನನ್ನ ಒಂದು ಮಾತು ಕೇಳ್ಲಿಲ್ಲ." ಹೇಳುವಾಗ ಉಗುರು ಲೋಟದ ಅಂಚಿನ ಮೇಲೆ ಸುಮ್ಮನೆ ಓಡಾಡುತ್ತಿತ್ತು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಅಂಥದ್ದೇ ಒಂದನ್ನು ತನಗೇ ಅಂತ ಕೊಳ್ಳುವುದೆಂದು ತೀರ್ಮಾನಿಸಿದರು. ಕಣ್ಣಿನ ಆಪರೇಷನ್ ಆಗಿ ಸ್ವಲ್ಪವೇ ದಿನವಾಗಿದ್ದರಿಂದ ಡ್ರೈವರ್ ಕೆಲಸ ನನ್ನ ಪಾಲಿಗೆ ಬಂತು. ತೆಂಗಿನಕಾಯಿ ಒಡೆಯುವಾಗಲೂ ಕಣ್ಣು ಮುಚ್ಚುವ ಜಾತಿ ನನ್ನದು. ಅಂಥವಳು ಬಂದೂಕಿನ ಅಂಗಡಿಗಳನ್ನು ಸುತ್ತಿದೆ.

ಮೂರು ಅಂಗಡಿಗಳಲ್ಲಿ ಫಳಫಳ ಹೊಳೆಯುವ ರಿವಾಲ್ವರುಗಳನ್ನು ತೋರಿಸಿದರು. ಆಂಟಿ ಕೈಗೆ ತೆಗೆದುಕೊಂಡಷ್ಟೇ ಬೇಗ ಕೆಳಗಿಟ್ಟರು. "ಇದಕ್ಕೆ ಹೊಸದಾಗಿ ಪಾಲಿಶ್ ಕೊಟ್ಟಿದಾರೆ. ಮುದುಕಿ ತಲೆಗೆ ಡೈ ಹೊಡೆದ ಹಾಗೆ. ಹಳೇದು ಹಳೇ ಮೈಯಲ್ಲೇ ಇರ್ಬೇಕು." ಎವರೆಟ್ ಆಚೆಯ ನಾಲ್ಕನೆಯ ಅಂಗಡಿಯ ಗಡ್ಡದ ಮುದುಕ ಒಳಗಿನಿಂದ ಬಟ್ಟೆ ಸುತ್ತಿದ್ದ ಒಂದನ್ನು ತಂದಿಟ್ಟ. ಕಪ್ಪಿಗೆ ಹತ್ತಿರದ ಮಂಕು ನೀಲಿ ಬಣ್ಣ, ಹಿಡಿಯ ಮರ ಅಲ್ಲಲ್ಲಿ ಸವೆದಿತ್ತು. ಆಂಟಿ ಖಾಲಿ ಇದೆಯೇ ಎಂದು ನೋಡಿ, ಅದನ್ನು ಮಡಚಿ, ನಳಿಗೆಯ ಹಿಂಬದಿಗೆ ತಮ್ಮ ಉಗುರು ಹಿಡಿದರು. ಕಿಟಕಿಯ ಬೆಳಕು ಉಗುರಿಗೆ ಬಿದ್ದು ನಳಿಗೆಯೊಳಕ್ಕೆ ಹೋಯಿತು. ಮುಂದಿನಿಂದ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ, "ಚೆನ್ನಾಗಿದೆ" ಎಂದರು. ಅದು ಮೊದಲನೆಯ ಸಲ.

ಕಾಗದಪತ್ರ, ತಪಾಸಣೆ, ಕಾಯುವ ದಿನಗಳೆಲ್ಲ ಮುಗಿದು ಅದು ಮನೆಗೆ ಬರುವಷ್ಟರಲ್ಲಿ ಕೈಲ್ ಮುಹೂರ್ತ ದಾಟಿಹೋಗಿತ್ತು. ಅಡುಗೆಮನೆಯ ಮೇಜಿನ ಮೇಲೆ ಪೇಪರು ಹಾಸಿ ಕ್ಲೀನ್ ಮಾಡಲು ಕೂತೆವು. ಗುಂಡು ತುಂಬುವ ಆರು ತೂತೂ ಖಾಲಿ ಇವೆಯೆಂದು ಅವರು ನೋಡಿದರು, ನನ್ನ ಕೈಯಲ್ಲೂ ನೋಡಿಸಿದರು. ಹಳೇ ಹಲ್ಲುಜ್ಜುವ ಬ್ರಷ್ಷು, ತುದಿಗೆ ಬಟ್ಟೆಯ ಚೂರು ಸಿಕ್ಕಿಸುವ ಸರಳು, ಸಣ್ಣ ಎಣ್ಣೆ ಬಾಟಲಿ, ಜೊತೆಗೆ ನಮ್ಮ ಕ್ಲಿನಿಕ್‌ನಲ್ಲಿ ಮೊಂಡಾಗಿ ಬಿಸಾಡಲಿದ್ದ, ಹಲ್ಲು ಕೆರೆಯುವ ನನ್ನ ಕೊಕ್ಕೆಸೂಜಿಗಳು. ಸಂದಿಯಲ್ಲಿ ಗಟ್ಟಿಯಾಗಿದ್ದ ಹಳೇ ಗ್ರೀಸು ಥೇಟ್ ಹಲ್ಲಿನ ಪಾಚಿಯ ಹಾಗೆಯೇ ಎದ್ದು ಬಂತು. ಅಲ್ಲಿಗೆ ನನ್ನ ಹೆದರಿಕೆಯೂ ಹೋಯಿತು. ಉತ್ಸಾಹದಿಂದ ಜೋರಾಗಿ ತಿಕ್ಕತೊಡಗಿದಾಗ ಆಂಟಿ ಕೈ ಹಿಡಿದು ನಿಲ್ಲಿಸಿದರು. "ಒರೆಸಿದ್ದು ಉಳೀತದೆ, ಉಜ್ಜಿದ್ದು ಸವೀತದೆ. ನಿಧಾನ."

ಇಷ್ಟೆಲ್ಲ ಕಲಿಸಿಕೊಂಡವಳು ನಾನು ಮಾಡಿದ ಘನಕಾರ್ಯ ಕೇಳಿ. ಆಯುಧಪೂಜೆ ಬಂತು. "ಕೈಲ್ ಮುಹೂರ್ತ ತಪ್ಪಿದ್ರೇನು ಆಂಟಿ, ನಮ್ಮ ಹಬ್ಬಕ್ಕೆ ಕೂರಿಸೋಣ" ಎಂದು ನಾನೇ ಹುರಿದುಂಬಿಸಿದೆ. ಅವರು ಒಲೆಯ ಹತ್ತಿರ ಕೊಡಗಿನ ಅಕ್ಕಿ ಕಡುಬು, ಕಡಂಬುಟ್ಟು ಬೇಯಿಸುತ್ತಿದ್ದರು. ನಾನು ಗಂಧ, ಕುಂಕುಮಗಳನ್ನು ನೀರಿನಲ್ಲಿ ಕಲಸಿ, ನಳಿಗೆಯ ಎಡ ಮಗ್ಗುಲಿಗೆ ದುಂಡಗೆ ಬೊಟ್ಟಿಟ್ಟು, ಹೂವು ಏರಿಸಿ, ಊದಿನಕಡ್ಡಿ ಹಚ್ಚಿದೆ. ಮರುದಿನ ಬೆಳಿಗ್ಗೆಯೇ ಅವರು ಪೋರ್ಟ್‌ಲ್ಯಾಂಡ್‌ನಲ್ಲಿರುವ ಮಗಳು ಬೀನಾಳ ಮನೆಗೆ ಹೊರಡುವವರಿದ್ದರು. ಸಂಜೆ ಬಟ್ಟೆ ಜೋಡಿಸಿಕೊಳ್ಳುತ್ತಾ, "ಅದನ್ನ ಒರೆಸಿ, ಎಣ್ಣೆ ಕೈಯಾಡಿಸಿ ಸುತ್ತಿ ಕೊಡು" ಎಂದರು. ಪೂಜೆಯ ದಿನವೇ ಕುಂಕುಮ ಅಳಿಸುವುದುಂಟೇ? ನಮ್ಮಮ್ಮ ಸೈಕಲ್ಲಿನ ಬೊಟ್ಟನ್ನೂ ವಿಜಯದಶಮಿ ಕಳೆಯುವವರೆಗೆ ಮುಟ್ಟಗೊಡುತ್ತಿರಲಿಲ್ಲ. ನಾನು ಒರೆಸಲಿಲ್ಲ. ಬೊಟ್ಟಿನ ಸಮೇತ ಬಟ್ಟೆ ಸುತ್ತಿ ಕೊಟ್ಟೆ. ಅವರು ಬಿಚ್ಚಿ ನೋಡದೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ನನ್ನ ಕೆಲಸದ ಮೇಲೆ ಉಗುರು ಓಡಿಸದೆ ಅವರು ನಂಬಿದ್ದು ಅದೇ ಮೊದಲು.

ಮೂರು ವಾರದ ಮೇಲೆ ಫೋನ್ ಬಂತು. "ಒರೆಸಿದ್ದೀಯಾ ಅಂತ ಕೇಳ್ಬೇಕಿತ್ತು ನಾನು" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಓಡಿಹೋಗಿ ನೋಡಿದೆ. ಬೊಟ್ಟಿದ್ದ ಜಾಗದಲ್ಲಿ ಅಷ್ಟೇ ದುಂಡಗೆ ಕೆಂಪು ತುಕ್ಕು. ಎಷ್ಟೋ ಜನರ ಕೈ ದಾಟಿ, ಎರಡು ಖಂಡ ಸುತ್ತಿ ನೆಟ್ಟಗೆ ಉಳಿದಿದ್ದ ಮೈಯನ್ನು ನನ್ನ ಭಕ್ತಿ ತಿಂದುಹಾಕಿತ್ತು. ಆಂಟಿ ಬೈಯಲಿಲ್ಲ, ಕಾಫಿಯನ್ನೂ ಕೊಡಲಿಲ್ಲ. ಮುಂದಿನ ಶನಿವಾರಗಳಲ್ಲಿ ಕಾಲ್ ಮಾಡಿದರೆ ಎತ್ತಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯನ್ನು ನನಗೆ ನಾನೇ ಹೇಳಿಕೊಂಡು ಓಡಾಡಿದೆ. ರಿವಾಲ್ವರು ಹಾಳಾದದ್ದಕ್ಕಿಂತ, ಎರಡನೆಯ ಸಲವೂ ಯಾರೋ ಅವರನ್ನು ಕೇಳದೆ ಅದನ್ನು ಕಳೆದರಲ್ಲ, ಆ ಯಾರೋ ನಾನೇ ಆದೆನಲ್ಲ ಎಂಬುದು ಚುಚ್ಚುತ್ತಿತ್ತು.

ಆದರೆ ಅವರು ಹಲ್ಲಿನ ಅಪಾಯಿಂಟ್‌ಮೆಂಟ್ ತಪ್ಪಿಸುವವರಲ್ಲ. ಬಂದರು, ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರು. ಬಾಯಿ ತೆರೆದವರು ಬೈಯಲಾರರು ಎಂಬ ಧೈರ್ಯದಲ್ಲಿ, ಕೆಲಸ ಮಾಡುತ್ತಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮನ ಸೈಕಲ್ ಶಾಸ್ತ್ರ, ನನ್ನ ಮೊಂಡುತನ, ಕ್ಷಮೆ, ಎಲ್ಲ. ಅವರ ಕಣ್ಣು ಚಾವಣಿಯ ದೀಪದ ಮೇಲಿತ್ತು. ಮುಗಿದ ಮೇಲೆ ಬಾಯಿ ಮುಕ್ಕಳಿಸಿ, ಹಲ್ಲಿನ ಸಾಲಿನ ಮೇಲೆ ಉಗುರು ಎಳೆದರು.

"ಆಗ್ಬಹುದು," ಎಂದರು. ಎದ್ದು ಕೋಟು ಹಾಕಿಕೊಳ್ಳುತ್ತಾ, "ಶನಿವಾರ ನಿನ್ನ ಸೂಜಿ ತಗೊಂಡು ಬಾ. ತುಕ್ಕು ಹಿಡಿಸಿದವಳೇ ತೆಗೀಬೇಕು."

ಇಡೀ ಮೈಗೆ ಹೊಸ ಪಾಲಿಶ್ ಕೊಟ್ಟು ಕಲೆ ಮುಚ್ಚಿಕೊಡುತ್ತೇನೆ ಎಂದು ಅಂಗಡಿಯ ಮುದುಕ ಹೇಳಿದ್ದನಂತೆ. ತಲೆಗೆ ಡೈ ಬೇಡ ಎಂದು ಇವರು ವಾಪಸು ತಂದಿದ್ದರು. ನಾನು ಎಣ್ಣೆ ಬಿಟ್ಟು ಬಿಟ್ಟು, ಸೂಜಿಯ ತುದಿಯಲ್ಲಿ ತುಕ್ಕನ್ನು ಕಣಕಣವಾಗಿ ಎಬ್ಬಿಸುತ್ತಾ ಇಡೀ ಮಧ್ಯಾಹ್ನ ಕೂತೆ. ತುಕ್ಕು ಹೋಯಿತು. ಕಾಳುಮೆಣಸಿನಷ್ಟು ಬೂದು ಚುಕ್ಕೆ ಉಳಿಯಿತು. ಅದನ್ನು ನೋಡಿ ನನಗೆ ಅಳು ತಡೆಯಲಿಲ್ಲ.

"ಅಳ್ತೀಯ ಎಂತಕ್ಕೆ?" ಎಂದರು ಆಂಟಿ. "ಅಪ್ಪನದರ ಮೇಲೆ ಎಷ್ಟು ಗುರುತಿತ್ತು ಗೊತ್ತುಂಟಾ? ಒಂದೊಂದಕ್ಕೂ ಒಂದೊಂದು ಕತೆ ಹೇಳ್ತಿದ್ರು. ಇದರ ಮೇಲಿನ ಗೀರೆಲ್ಲ ಯಾರದ್ದೋ. ಇದೊಂದು ನಮ್ಮ ಮನೇದು." ಎದ್ದು ಒಲೆಯ ಕಡೆ ಹೋಗುತ್ತಾ, "ಮುಂದಿನ ವರ್ಷ ಕುಂಕುಮಕ್ಕೆ ನೀರು ಹಾಕ್ಬೇಡ. ಈ ಕೋವಿ ಎಣ್ಣೆಯಲ್ಲೇ ಕಲಸು. ಅದೇ ಚುಕ್ಕೆ ಮೇಲೆ ಇಡು. ಇನ್ನೊಂದು ಕಡೆ ಹೊಸದು ಮಾಡ್ಬೇಡ ಮಾರಾಯ್ತಿ" ಎಂದು ಕಾಫಿಗಿಟ್ಟರು.

ಹಾಗೆಯೇ ನಡೆದುಬಂತು. ಪ್ರತಿ ಆಯುಧಪೂಜೆಗೂ ಎಣ್ಣೆಯಲ್ಲಿ ಕಲಸಿದ ಬೊಟ್ಟು, ಅದೇ ಜಾಗಕ್ಕೆ. ಸಂಜೆಗೆ ಒರೆಸುವುದು ನನ್ನ ಕೆಲಸ, ಉಗುರು ಓಡಿಸುವುದು ಅವರದು. ಅಮ್ಮನ ಶಾಸ್ತ್ರವನ್ನು ನಾನು ಡುವಾಲ್‌ನ ಮಟ್ಟಿಗೆ ಸಡಿಲಿಸಿಕೊಂಡೆ. ಹೋದ ವರ್ಷದ ಹಬ್ಬಕ್ಕೆ ಅವರ ಕೈ ನಡುಗುತ್ತಿತ್ತು. ಬಿಚ್ಚಿ ಒರೆಸಿದ್ದೆಲ್ಲ ನಾನೇ. ಕೊನೆಗೆ ಅವರು ನಳಿಗೆಯ ಹಿಂದೆ ಉಗುರು ಹಿಡಿದು, "ಈ ಸಲ ನೀನು ನೋಡು" ಎಂದರು. ಒಳಗಿನ ಸುರುಳಿ ಗೆರೆಗಳಲ್ಲಿ ಬೆಳಕು ಸುತ್ತಿ ಸುತ್ತಿ ಹೋಗಿತ್ತು, ಒಂದು ಕಣ ಕೊಳೆಯಿರಲಿಲ್ಲ. ಆಮೇಲೆ ಅವರ ಉಗುರು ಬೂದು ಚುಕ್ಕೆಯ ಮೇಲೆ ಹೋಗಿ ಬಂತು. "ಚೆನ್ನಾಗಿದೆ," ಎಂದರು. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಅಂದೇ. ಚಳಿಗಾಲ ಕಳೆಯಲು ಮಗಳ ಮನೆಗೆ ಹೋದವರು ಅಲ್ಲಿಯೇ ಒಂದು ಬೆಳಿಗ್ಗೆ ನಿದ್ದೆಯಿಂದ ಏಳಲಿಲ್ಲ.

ರಿವಾಲ್ವರ್ ಬೀನಾಳ ಪಾಲಿಗೆ ಬಂತು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಈ ಸಲದ ಆಯುಧಪೂಜೆಯ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದಳು. ಮೇಜಿನ ಮೇಲೆ ಪೇಪರು ಹಾಸಿತ್ತು, ಬಟ್ಟಲಲ್ಲಿ ಎಣ್ಣೆ ಕಲಸಿದ ಕುಂಕುಮವಿತ್ತು.

"ಆಂಟಿ, ವೇರ್ ಡಸ್ ದ ಬೊಟ್ಟು ಗೋ?"

"ಎಡಗಡೆ ನೋಡು, ನಳಿಗೆ ಶುರುವಾಗೋ ಹತ್ರ. ಒಂದು ಬೂದು ಚುಕ್ಕೆ ಇದೆ."

ಅವಳು ಕಿಟಕಿಯ ಬೆಳಕಿಗೆ ತಿರುಗಿಸಿ ಹುಡುಕಿದಳು. ಕಣ್ಣಿಗೆ ಸಿಕ್ಕದೆ, ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ನಳಿಗೆಯ ಮೇಲೆ ಓಡಿಸಿದಳು. ಉಗುರು ಒಂದು ಕಡೆ ನಿಂತಿತು.

"ಓಕೆ. ಗಾಟ್ ಇಟ್."

"ಅಲ್ಲೇ ಇಡು," ಎಂದೆ. "ಸಂಜೆ ಮರೀದೆ ಒರೆಸಿಬಿಡು."