ಕೆಂಪು ಬಾಳೆಗೊನೆಯ ಕೆಳಗೆ ಅಪ್ಪ

ನಮ್ಮ ಡ್ರಾಯಿಂಗ್ ಮಾಸ್ತರರು ಹೈದರಾಬಾದಿನ ಕಡೆಯವರು. ಹೂಜಿ, ಗುಲಾಬಿ, ಮತ್ತೆ ಹೂಜಿ ಎಂದು ವರ್ಷವೆಲ್ಲ ನಮ್ಮಿಂದ ನಕಲು ತೆಗೆಸಿ ಅವರಿಗೇ ಬೇಸರ ಬಂದಿತ್ತೋ ಏನೋ, ಶಾಲೆಗಳ ತಪಾಸಣೆ ಮಾಡುವ ದೊಡ್ಡ ಸಾಹೇಬರು ಬರುತ್ತಾರೆಂದು ಗೊತ್ತಾದ ದಿನ ಆ ಹೂಜಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಬಿಟ್ಟರು. ಈ ಸಲ ಗೋಡೆಗೆ ಹಚ್ಚುವ ಚಿತ್ರದಲ್ಲಿ ನೀವು ಯಾರ ಮಕ್ಕಳು, ನಿಮ್ಮ ಮನೆಯವರು ಏನು ಮಾಡಿ ಉಣ್ಣುತ್ತಾರೆ, ಅದು ಕಾಣಬೇಕು ಎಂದರು. ಅವರ ಉರ್ದುವಿನಲ್ಲಿ ಅದು ಇನ್ನೂ ಚೆಂದ ಕೇಳಿತ್ತು.

ನಿಜಾಮರ ಆಳ್ವಿಕೆಯ ಕಾಲ ಅದು. ನಾನು ಕಮಲಾಪುರದವನು, ಊರ ಹೊರಗಿನ ಕೇರಿಯವನು. ಕಲಬುರಗಿಯಲ್ಲಿ ಸ್ಟೇಶನ್ ಬಜಾರಿನ ಹಿಂದೆ ಸೋದರಮಾವನ ಗುಡಿಸಲಿನಲ್ಲಿದ್ದು ಶಾಲೆಗೆ ಹೋಗುತ್ತಿದ್ದೆ. ಮಾವ ಸ್ಟೇಶನ್ನಿನಲ್ಲಿ ಹಮಾಲ. ತರಗತಿಯಲ್ಲಿ ನನಗೆ ಬಾಗಿಲ ಹತ್ತಿರ ಬೇರೆಯೇ ಒಂದು ಗೋಣಿತಟ್ಟು. ಡ್ರಾಯಿಂಗ್ ಮಾಸ್ತರರು ಮಾತ್ರ ಬಣ್ಣದ ಬಟ್ಟಲು ಒಂದೇ ಇದೆ ಎಂಬ ನೆಪ ಹೇಳಿ ಎಲ್ಲರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸುತ್ತಿದ್ದರು.

ಗಂಜ್ ಪೇಟೆಯ ಕಾಳಿನ ವ್ಯಾಪಾರಿಯ ಮಗ ತಕ್ಕಡಿ ಹಿಡಿದ ತಂದೆಯನ್ನು ಬರೆದ. ನೇಕಾರರ ಮನೆಯವನೊಬ್ಬ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟ ಅಜ್ಜನನ್ನು ಬರೆದು, ಅಜ್ಜನ ಬೆನ್ನು ಇಷ್ಟು ಬಾಗಿಲ್ಲ ಎಂದು ತಾನೇ ಅಳಿಸಿ, ಮತ್ತೆ ಇಷ್ಟೇ ಬಾಗಿದೆ ಎಂದು ಬರೆದ. ನಾನು ಅಪ್ಪನನ್ನು ಬರೆದೆ.

ಅಧಿಕಾರಿಗಳು ಊರೂರು ತಿರುಗುವಾಗ ಅವರ ಡೇರೆ, ಪೆಟ್ಟಿಗೆಗಳನ್ನು ಮುಂದಿನ ಊರಿಗೆ ಹೊರುವುದು ನಮ್ಮ ಕೇರಿಯವರ ಬಿಟ್ಟಿ ಚಾಕರಿ. ಕೂಲಿ ಇಲ್ಲ, ಒಲ್ಲೆ ಎನ್ನುವಂತಿಲ್ಲ. ಬುದ್ಧಿ ಬಂದಾಗಿನಿಂದ ನಾನು ಕಂಡದ್ದು ಅದನ್ನೇ: ಅಪ್ಪನ ತಲೆಯ ಮೇಲೆ ಡೇರೆಯ ಸುರುಳಿ, ಅದರ ಮೇಲೆ ತೋಟದವರಿಂದ ಪುಕ್ಕಟೆ ಕೀಳಿಸಿಕೊಂಡ ಬಾಳೆಗೊನೆ, ಹಿಂದೆ ಕುದುರೆಯ ಮೇಲೆ ಕೊಡೆ ಹಿಡಿದ ತಹಸೀಲಿನ ಸಾಹೇಬ. ಅಪ್ಪನ ಎಡಗಿವಿ ಹರಿದು ಅರ್ಧ ಉಳಿದಿತ್ತು. ಅದನ್ನೂ ಬಿಡದೆ ಬರೆದೆ. ಗೊನೆಗೆ ಕೆಂಪು ಬಣ್ಣ ಹಚ್ಚಿದೆ.

ಗಂಜಿನ ಹುಡುಗ ಬಗ್ಗಿ ನೋಡಿ, "ಬಾಳಿಹಣ್ಣು ಎಲ್ಲೆರೆ ಕೆಂಪಿರ್ತಾವೇನಲೇ? ನಿಮ್ಮಪ್ಪನ ತಲಿಮ್ಯಾಲ ಗಜ್ಜರಿ ಗೊನಿ ಹೊರಸೀದಿ ನೋಡು," ಎಂದ.

"ನಿಮ್ಮ ಗಂಜಿನ್ಯಾಗ ಇರಲಿಕ್ಕಿಲ್ಲ. ನಮ್ಮೂರಾಗ ಕೆಂಪೇ ಇರ್ತಾವ," ಎಂದೆ. ಅವನ ತಪ್ಪೇನೂ ಇರಲಿಲ್ಲ. ನಮ್ಮೂರಿನ ಕೆಂಪು ಬಾಳೆ ಪೇಟೆ ಮುಟ್ಟುವ ಮೊದಲೇ ಸಾಹೇಬರ ಬಂಗಲೆಗಳನ್ನು ಮುಟ್ಟುತ್ತಿತ್ತು. ಮಾಸ್ತರರು ನನ್ನ ಚಿತ್ರವನ್ನು ಗೋಡೆಯ ನಡುವೆ ಹಚ್ಚಿದರು. ಅವತ್ತು ನಾನು ಮನೆಗೆ ನಡೆದುಕೊಂಡು ಹೋದೆನೋ ಹಾರಿಕೊಂಡು ಹೋದೆನೋ ಗೊತ್ತಿಲ್ಲ.

ಮಾವನಿಗೆ ಎಲ್ಲವನ್ನೂ ವರ್ಣಿಸಿ ಹೇಳಿದೆ. ಆತ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಕೆಂಪು ಬಾಳಿ ಈ ಸೀಮ್ಯಾಗ ಎಲ್ಲಿ ಬೆಳೀತಾವ?"

"ನಮ್ಮೂರಾಗ."

"ಕೊಡಿ ಹಿಡಕೊಂಡು ನಮ್ಮೂರಿಗೆ ಕುದುರಿ ಮ್ಯಾಲ ಬರಾಂವ ಯಾರು? ಅರ್ಧ ಕಿವಿ ಯಾರ್ದದ?"

ಶನಿವಾರ ತಪಾಸಣೆಯ ಸಾಹೇಬರನ್ನು ಶಾಲೆಗೆ ಕರೆತರುವವರು ಅದೇ ತಹಸೀಲಿನ ಸಾಹೇಬರೆಂದು ಸ್ಟೇಶನ್ನಿನಲ್ಲಿ ಮಾತಾಗಿದೆ ಎಂದು ಮಾವ ಹೇಳಿದ. ಹಿಂದಿನ ಬೇಸಿಗೆಯಲ್ಲಿ ನಮ್ಮ ಕೇರಿಯ ಒಬ್ಬ, ಜ್ವರ ಬಂದಿದೆ ಹೊರಲಾರೆ ಎಂದಿದ್ದ. ಚಾವಡಿಯ ಮುಂದೆ ಅವನನ್ನು ಬಗ್ಗಿಸಿ, ಬೆನ್ನ ಮೇಲೆ ಕಲ್ಲು ಹೇರಿ ಬಿಸಿಲಿನಲ್ಲಿ ನಿಲ್ಲಿಸಿದ್ದರು. ಆಮೇಲೆ ಅವನು ನೆಟ್ಟಗೆ ನಡೆದದ್ದನ್ನು ನಾವು ಕಾಣಲಿಲ್ಲ. ಬಾಯಿಂದ ಒಂದು ಮಾತು ಆಡಿದ್ದಕ್ಕೆ ಅಷ್ಟು. ನಾನೋ ಬಣ್ಣ ಹಚ್ಚಿ, ಹೆಸರು ಬರೆಯುವುದೊಂದು ಬಿಟ್ಟು ಎಲ್ಲವನ್ನೂ ಬರೆದು ಗೋಡೆಗೆ ಹಚ್ಚಿಸಿದ್ದೆ.

ಗೋಡೆಯಿಂದ ಚಿತ್ರ ಇಳಿಸಿರಿ ಎಂದು ಮರುದಿನ ಮಾಸ್ತರರ ಕಾಲು ಹಿಡಿದೆ. ಅವರಿಗೂ ನೌಕರಿ ಇತ್ತು, ಹೆದರಿಕೆ ಇತ್ತು. ಕಡೆಗೆ, ಚಿತ್ರದಲ್ಲಿ ಯಾರಿದ್ದಾರೋ ಅವರನ್ನು ಕೇಳಿ ಬಾ, ಅವರು ಹೇಳಿದಂತೆ ಮಾಡೋಣ ಎಂದರು.

ಶುಕ್ರವಾರ ಜುಮ್ಮಾದ ರಜೆ. ಗುರುವಾರ ಸಂಜೆಯೇ ಗಂಜಿನಿಂದ ಖಾಲಿ ಹೊರಟ ಬಂಡಿ ಹತ್ತಿ ರಾತ್ರಿಯೆಲ್ಲ ಸಾಗಿ ಕಮಲಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಹಿಂದೆ ಕುದುರೆಯ ಸಪ್ಪಳ ಕೇಳಿದರೆ ಖಾಲಿ ಚೀಲಗಳ ಕೆಳಗೆ ತಲೆ ಮರೆಸಿಕೊಳ್ಳುತ್ತಿದ್ದೆ. ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಹೇಳಿದೆ.

"ಕಿವಿನೂ ಬರದೀಯೇನು?" ಎಂದ.

ಹೂಂ ಎಂದೆ. ಕಿವಿ ಮುಟ್ಟಿಕೊಂಡು ನಕ್ಕ. ನಗು ಅರ್ಧಕ್ಕೇ ನಿಂತಿತು, ಕೈ ಮಾತ್ರ ಕಿವಿಯ ಮೇಲೆಯೇ ಉಳಿಯಿತು. ಒಳಗಿನಿಂದ ಅವ್ವ ಬಂದು, ಬಾಳೆಗೆ ಹಳದಿ ಬಣ್ಣ ಹಚ್ಚಿಬಿಡು, ಲೋಕದ ಬಾಳೆಯೆಲ್ಲ ಹಳದಿ ಇರುವಾಗ ನಿನಗೇನು ಹಟ ಎಂದು ಅಳುವ ದನಿಯಲ್ಲಿ ಬೈದಳು. ನನಗೂ ಅದೇ ಸರಿ ಅನ್ನಿಸಿತು.

ಅಪ್ಪ ತಲೆ ಅಲ್ಲಾಡಿಸಿದ. "ಹಳದಿ ಹಚ್ಚಿದ್ರ ಚಿತ್ರದಾಗಿನಾಂವ ಬ್ಯಾರೆ ಊರಾಂವ ಆಗ್ತಾನ. ಅಲ್ಲೂ ಬಿಟ್ಟಿ ಹೊರಾಂವ ಒಬ್ಬ ಇದ್ದೇ ಇರ್ತಾನ. ಕಲ್ಲು ಅವನ ಬೆನ್ನಮ್ಯಾಲ ಏರ್ತದ." ಹಗ್ಗ ಹೊಸೆಯತೊಡಗಿದ. ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ, "ಮಾರಿ ಅಷ್ಟ ಒರಸಿಬಿಡು, ಮಗಾ," ಎಂದ.

ರಾತ್ರಿ ಬಂಡಿಯಲ್ಲಿ ಮರಳಿ, ಶನಿವಾರ ಬೆಳಿಗ್ಗೆ ಶಾಲೆಗೆ ಎಲ್ಲರಿಗಿಂತ ಮೊದಲು ಹೋಗಿ ಒದ್ದೆ ಬಟ್ಟೆಯಿಂದ ಅಪ್ಪನ ಮುಖ ಒರೆಸಿದೆ. ಒರೆಸುವ ಭರದಲ್ಲಿ ಕುತ್ತಿಗೆಯೂ ಅರ್ಧ ಹೋಯಿತು. ಡೇರೆಯ ಕೆಳಗೆ ಬರಿಯ ಮಬ್ಬು ಕಲೆ ಉಳಿಯಿತು.

ಇಬ್ಬರೂ ಸಾಹೇಬರು ಬಂದರು. ತಕ್ಕಡಿ ನೋಡಿದರು, ಮಗ್ಗ ನೋಡಿದರು. ತಹಸೀಲಿನ ಸಾಹೇಬರು ನನ್ನ ಚಿತ್ರದ ಮುಂದೆ ನಿಂತುಬಿಟ್ಟರು. ಬಾಗಿಲ ಬಳಿ ನಿಂತಿದ್ದ ನಾನು ಹೊರಗೆ ಓಡಲು ಒಂದು ಹೆಜ್ಜೆ ಹಿಂದೆ ಸರಿದೆ. ಪಕ್ಕದಲ್ಲಿದ್ದ ಗಂಜಿನ ಹುಡುಗ ಅದನ್ನು ಕಂಡು, ಯಾರಿಗೂ ಕಾಣದಂತೆ ನನ್ನ ಅಂಗಿಯ ಚುಂಗು ಹಿಡಿದುಕೊಂಡ. ಮುಟ್ಟಬಾರದೆಂಬುದನ್ನು ಅವನು ಮರೆತಿದ್ದ, ನಾನೂ ಮರೆತಿದ್ದೆ.

"ವಾಹ್, ಕಮಲಾಪುರ ಕೇ ಮೌಜ್," ಎಂದರು ತಹಸೀಲಿನ ಸಾಹೇಬರು. ಕಮಲಾಪುರದ ಬಾಳೆಹಣ್ಣು! ಇಂಥ ರುಚಿ ಹೈದರಾಬಾದಿನಲ್ಲೂ ಸಿಗುವುದಿಲ್ಲ ಎಂದು ತಪಾಸಣೆಯ ಸಾಹೇಬರ ಮುಂದೆ ಹೊಗಳಿದರು. ಚಿತ್ರದಲ್ಲಿದ್ದ ಕುದುರೆ ಅವರದು, ಕೊಡೆ ಅವರದು. ಅವರ ಕಣ್ಣು ಗೊನೆಯಿಂದ ಕೆಳಗಿಳಿಯಲೇ ಇಲ್ಲ. ಆಮೇಲೆ ಜವಾನನ ಕಡೆ ತಿರುಗಿ, ಅತಿಥಿಗಳು ಹೋಗುವುದರೊಳಗೆ ಒಂದು ಗೊನೆ ತರಿಸು ಎಂದು ಹುಕುಂ ಮಾಡಿ ಮುಂದೆ ನಡೆದರು.

ಹೀಗೆ ನಾನು ಬರೆದ ಚಿತ್ರವೇ ನಮ್ಮ ಕೇರಿಗೆ ಮತ್ತೊಂದು ಬಿಟ್ಟಿ ತಂದಿತು.

ಮರುದಿನ ಸಂಜೆ ಗೊನೆಯನ್ನು ಬಂಗಲೆಗೆ ಹಾಕಿ ಅಪ್ಪ ಶಾಲೆಯ ಗೇಟಿನ ಹೊರಗೆ ಬಂದು ನಿಂತಿದ್ದ. ಪಾಳಿ ಬೇರೆಯವರದಿತ್ತಂತೆ, ತಾನೇ ಕೇಳಿ ಹೊತ್ತು ತಂದಿದ್ದ. ಮಾಸ್ತರರು ಒಳಗೆ ಕರೆದರು. ಅಪ್ಪ ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ಚಪ್ಪಲಿ ಕಂಕುಳಲ್ಲಿಟ್ಟುಕೊಂಡು ಬಂದ. ಚಿತ್ರದ ಮುಂದೆ ನಿಂತು ಗೊನೆಯನ್ನು ನೋಡಿದ, ಮಬ್ಬು ಕಲೆಯನ್ನು ನೋಡಿದ.

"ಎಲ್ಲಾ ಬರೋಬ್ಬರಿ ಅದ," ಎಂದ. ಮತ್ತೆ ಮೆಲ್ಲಗೆ, "ನಾ ಒಬ್ಬಾಂವ ಇಲ್ಲ."

ಮಾಸ್ತರರು ಚಿತ್ರ ಇಳಿಸಿ ನನ್ನ ತೊಡೆಯ ಮೇಲಿಟ್ಟು, ಕುಂಚ ಕೈಗೆ ಕೊಟ್ಟು, ಅಪ್ಪನಿಗೆ ಕಿಟಕಿಯ ಬೆಳಕಿನಲ್ಲಿ ಕುರ್ಚಿ ಹಾಕಿದರು. ಅಪ್ಪ ಕುರ್ಚಿಯ ತುದಿಯಲ್ಲಿ ಕುಳಿತ. ಹೊರಗೆ ಯಾರದಾದರೂ ಬೂಟಿನ ಸಪ್ಪಳವಾದರೆ ಎದ್ದು ನಿಲ್ಲುವನು, ಮಾಸ್ತರರು ಭುಜ ಹಿಡಿದು ಕೂಡಿಸುವರು. ಈ ಕಡೆ ನೋಡಪ್ಪಾ ಎಂದು ನಾನು ಬೇಡಿಕೊಂಡೆ. ನೋಡುತ್ತಿದ್ದ, ಮತ್ತೆ ಕಣ್ಣು ಹೊರಳುತ್ತಿತ್ತು. ಬೆಳಕು ಹೋಗುವುದರೊಳಗೆ ಮುಗಿಸಬೇಕಿತ್ತು, ಕಂಡಷ್ಟನ್ನೇ ಬರೆದೆ. ಹಾಗಾಗಿ ಆ ಚಿತ್ರದಲ್ಲಿ ಅಪ್ಪ ನೋಡುತ್ತಿರುವುದು ನನ್ನನ್ನಲ್ಲ, ಬಾಗಿಲನ್ನು.